ಹದಿನೈದೋ ಹದಿನಾರೋ

ನನ್ನ ಗೆಳತಿ ವಿಯೆಟ್ನಾಂ ಮೂಲದವಳು, ಷಿಕಾಗೋದ ಪತ್ರಿಕೆಯೊಂದರಲ್ಲಿ ವರದಿಗಾರ್ತಿ. ನಮ್ಮ ಉಪನಗರ ಡೌನರ್ಸ್ ಗ್ರೋವ್‌ನಿಂದ ದಿನಾ ಒಂದೇ ರೈಲು ಹಿಡಿಯುತ್ತಾ ಪರಿಚಯವಾದವಳು. ತನ್ನ ತಾಯಿಯ ಮನೆತನದ ಕುರಿತು ಪುಸ್ತಕ ಬರೆಯುತ್ತಿದ್ದಳು. ಅವಳ ಅಜ್ಜ ಶಾಲಾ ಮೇಷ್ಟ್ರು. ಮಗಳು, ಅಂದರೆ ಗೆಳತಿಯ ತಾಯಿ, ದೋಣಿ ಹತ್ತಿ ದೇಶ ಬಿಟ್ಟ ಕೆಲವು ವರ್ಷಕ್ಕೆ ಅಲ್ಲೇ ತೀರಿಕೊಂಡರು. ಆಕೆಗೆ ಸುದ್ದಿ ತಲುಪಿದ್ದೇ ತಿಂಗಳುಗಳಾದ ಮೇಲೆ, ಯಾರದೋ ಬಾಯಿಂದ. ಮಣ್ಣಿಗೆ ಹೋಗಲಾಗಲಿಲ್ಲ. ಅಪ್ಪನಿಗಾಗಿ ಮಾಡಿದ್ದು ಅಂತ ಆಕೆಗೆ ಉಳಿದದ್ದು ಒಂದೇ: ವರ್ಷವರ್ಷವೂ ತಪ್ಪದೆ ಮಾಡುವ ಅವರ ತಿಥಿಯೂಟ. ಚಾಂದ್ರಮಾನದ ಮೂರನೇ ತಿಂಗಳು, ಹದಿನೈದನೇ ದಿನ.

ಆ ವರ್ಷ ಊರಲ್ಲಿದ್ದ ದಾಯಾದಿಯೊಬ್ಬ ಹಳೇ ಪೆಟ್ಟಿಗೆಯಲ್ಲಿ ಸಿಕ್ಕ ಕಾಗದದ ಫೋಟೋ ಕಳಿಸಿದ. ಅಜ್ಜನ ತಮ್ಮ ಬರೆದದ್ದು. ಅಣ್ಣ ಹದಿನಾರರ ಬೆಳಗಿನ ಜಾವ ಹೋದರು ಅಂತ ಅದರಲ್ಲಿ ಸ್ಪಷ್ಟವಾಗಿತ್ತು.

ಗೆಳತಿ ರೈಲಿನಲ್ಲಿ ಫೋನು ನನ್ನ ಕೈಗಿಟ್ಟಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ನನ್ನ ಕನ್ನಡದಲ್ಲೇ ಹೇಳಿಬಿಡುತ್ತೇನೆ.

"ನಲವತ್ತು ವರ್ಷದಿಂದ ಅಮ್ಮ ತಪ್ಪು ದಿನ ಮಾಡ್ತಿದ್ದಾಳೆ ಕಣೇ. ಪುಸ್ತಕದಲ್ಲಿ ಯಾವ್ದು ಬರೀಲಿ? ಅವಳಿಗೆ ಹೆಂಗೆ ಹೇಳ್ಲಿ?"

ತಿಥಿಯ ವಿಷಯ ಬಂದರೆ ನನಗೆ ಸ್ವಲ್ಪ ಜಂಬ. ನಮ್ಮಪ್ಪನ ಶ್ರಾದ್ಧವನ್ನು ಅಣ್ಣ ಮೈಸೂರಿನಲ್ಲಿ ಒಂದು ದಿನ ಮಾಡಿದರೆ, ನಮ್ಮ ದೇವಸ್ಥಾನದ ಭಟ್ಟರು ಇಲ್ಲಿಯ ಪಂಚಾಂಗ ನೋಡಿ ಕೆಲವು ಸಲ ಬೇರೆ ದಿನ ಹೇಳುತ್ತಾರೆ. ಆ ಜಗಳದಲ್ಲಿ ಪಳಗಿದವಳು ನಾನು. ದೊಡ್ಡ ಪಂಡಿತಳ ಹಾಗೆ ತೀರ್ಪು ಕೊಟ್ಟೆ.

"ಪಂಚಾಂಗದ ಗೊಂದಲ ಅಷ್ಟೇ. ಇಲ್ಲಿಗೂ ಅಲ್ಲಿಗೂ ಅರ್ಧ ದಿನ ವ್ಯತ್ಯಾಸ, ಒಂದು ದಿನ ಹಿಂದೆ ಬಿದ್ದಿದ್ದಾರೆ. ಹೋದ ದಿನ ಯಾವ್ದೋ ಅದೇ ತಿಥಿ. ಅದರಲ್ಲಿ ಎರಡು ಮಾತಿಲ್ಲ. ಹೇಳಿಬಿಡು, ಮುಂದಿನ ವರ್ಷದಿಂದ ಸರಿ ಮಾಡ್ಕೋತಾರೆ."

"ಸರಿ ಮಾಡ್ಕೊಳ್ಳೋ ವಯಸ್ಸಾ ಅದು? ಎಂಬತ್ತೆರಡು ಅವಳಿಗೆ. ಅಪ್ಪನ್ನ ಬಿಟ್ಟು ಬಂದೆ ಅಂತ ಇವತ್ತಿಗೂ ಕೊರಗ್ತಾಳೆ. ಇದೂ ತಪ್ಪಾಯ್ತು ಅಂದ್ರೆ..."

ಫೋನನ್ನು ಅವಳ ಕೈಗೆ ವಾಪಸು ಕೊಟ್ಟೆ.

ತಿಥಿಗೆ ನಾನೂ ಬರಬೇಕೆಂದು ಹಟ ಹಿಡಿದಳು. ಬೆಳಿಗ್ಗೆ ಆರಕ್ಕೆ ಹೊರಟು ಮಿಷಿಗನ್‌ನ ಕ್ಯಾಂಟನ್‌ನಲ್ಲಿರುವ ಅವಳ ಅಮ್ಮನ ಮನೆಗೆ ಡ್ರೈವ್ ಮಾಡಿದೆವು. ಅಲ್ಲಿ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ. ಎಷ್ಟು ಬೇಗ ಹೊರಟರೂ ತಡವೇ. ದಾರಿಯುದ್ದಕ್ಕೂ ಅವಳು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು. ಅಮ್ಮನ ಮನೆಯ ಬಡಾವಣೆಗೆ ತಿರುಗುವಾಗ, "ಬೇಡ, ಹೇಳಲ್ಲ. ಪುಸ್ತಕದಿಂದ ಆ ಅಧ್ಯಾಯಾನೇ ಕಿತ್ತಾಕ್ತೀನಿ" ಅಂದಳು. ಬರೆಯುವವಳ ಬಾಯಲ್ಲಿ ಇಂಥ ಮಾತು! ಹೇಳಿಬಿಡು ಅಂತ ಪುಸಲಾಯಿಸಿದವಳು ನಾನೇ ತಾನೇ?

ಅವಳ ಅಮ್ಮನನ್ನು ನಾನು ಆಂಟಿ ಅನ್ನುತ್ತೇನೆ. ಆಂಟಿ ಅಜ್ಜನ ಫೋಟೋದ ಮುಂದೆ ಊಟ ಬಡಿಸಿ ಊದುಬತ್ತಿ ಹಚ್ಚಿದ್ದರು. ಅದು ಉರಿದು ಮುಗಿಯುವ ತನಕ ಯಾರೂ ಊಟಕ್ಕೆ ಕೈ ಹಾಕುವಂತಿಲ್ಲ. ಹಾಗಲಕಾಯಿ ಸಾರು, ಬೇಯಿಸಿದ ಮೀನು, ಮೊಟ್ಟೆ ಹಾಕಿದ ಮಾಂಸ, ಅಕ್ಕಿ ಹಾಳೆಯ ಸುರುಳಿಗಳು, ಮಾಂಸ ತಿನ್ನದ ನನಗೆಂದೇ ಸೋಯಾದ ತೋಫು; ಲೆಕ್ಕ ತಪ್ಪುವಷ್ಟು ಬಟ್ಟಲುಗಳು. ಮೂವರಿಗೆ ಇಷ್ಟೊಂದು ಯಾಕೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಮಗಳ ಮುಖ ನೋಡಿದ ತಾಯಿಗೆ ತಿಳಿಯದೆ ಇರುತ್ತದೆಯೇ? ಏನೋ ಕೇಳಿದರು. ಗೆಳತಿ ನಿಂತಲ್ಲೇ ಅತ್ತುಬಿಟ್ಟಳು. ಅಳುತ್ತಲೇ ಫೋನು ತೆಗೆದು ಕಾಗದ ತೋರಿಸಿದಳು. ಆಂಟಿ ಕನ್ನಡಕ ಏರಿಸಿ, ಚಿಕ್ಕಪ್ಪನ ಅಕ್ಷರವನ್ನು ಬೆರಳಿನಿಂದ ಸವರುತ್ತಾ ಓದಿದರು. ಆಮೇಲೆ ಅವರ ಭಾಷೆಯಲ್ಲಿ ಒಂದು ಉದ್ದದ ಮಾತು ಹೇಳಿದರು. ನನಗೋ ಒಂದಕ್ಷರ ಅರ್ಥವಾಗಲಿಲ್ಲ. ಗೆಳತಿಯ ತೋಳು ಹಿಡಿದು ಅಲ್ಲಾಡಿಸಿದೆ.

"ಏನಂತೆ? ಹೇಳೇ!" ಅಂದೆ.

"ಹದಿನಾರು ಅಂತ ನಂಗೆ ಮೊದಲಿಂದ್ಲೂ ಗೊತ್ತು ಅಂತಿದ್ದಾಳೆ." ಗೆಳತಿ ಅನುವಾದಿಸಿದಳು. "ಹದಿನಾರಕ್ಕೆ ಅಪ್ಪ ಎಲ್ಲಿದ್ರು, ಊಟಕ್ಕೆ ಯಾರನ್ನ ಕರೀಲಿ? ಹದಿನೈದಕ್ಕೆ ಬದುಕಿದ್ರು, ಹಸಿವಾಗ್ತಿತ್ತು. ನಮ್ಮ ಕಡೆ ಬದುಕಿದ್ದ ಕೊನೇ ದಿನಾನೇ ಊಟ ಹಾಕೋದು, ಅಷ್ಟೂ ಗೊತ್ತಿಲ್ವಾ, ಪುಸ್ತಕ ಬೇರೆ ಬರೀತೀಯಾ ಅಂತ ಬೈತಿದ್ದಾಳೆ."

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಹೋದ ದಿನವೇ ತಿಥಿ, ಅದರಲ್ಲಿ ಎರಡು ಮಾತಿಲ್ಲ ಅಂದವಳು ನಾನು. ಹತ್ತಿರದ ಕುರ್ಚಿಯಲ್ಲಿ ಕುಕ್ಕರಿಸಿದೆ. ಗೆಳತಿಯಂತೂ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು, ಬೈಸಿಕೊಂಡ ಸಂತೋಷಕ್ಕೆ.

ಆಮೇಲೆ ಅವಳೊಳಗಿನ ವರದಿಗಾರ್ತಿ ಎದ್ದಳು. ಚೀಲದಿಂದ ನೋಟ್‌ಬುಕ್ ತೆಗೆದು ಅಮ್ಮನನ್ನು ಏನೋ ಕೇಳಿದಳು. ಕೇಳಿದ್ದನ್ನು ನನಗೂ ಹೇಳಿದಳು: ಆ ಹದಿನೈದನೇ ದಿನ ಅಜ್ಜ ಏನು ಊಟ ಮಾಡಿದ್ದರು?

ಊದುಬತ್ತಿ ಉರಿದು ಮುಗಿದಿತ್ತು. ಆಂಟಿ ಎರಡೇ ಮಾತಿನಲ್ಲಿ ಉತ್ತರ ಕೊಟ್ಟು, ನನ್ನ ಬಟ್ಟಲಿಗೆ ಅನ್ನ ಹಾಕತೊಡಗಿದರು. ಗೆಳತಿ ಅದನ್ನು ಬರೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು.

"ಗೊತ್ತಿಲ್ಲವಂತೆ. ಅದಕ್ಕೇ ಎಲ್ಲಾನೂ ಮಾಡ್ತಾಳಂತೆ."