ಕೆಳಗಿನ ಓಣಿಯ ಬಾಣಲೆ ಸದ್ದು

ಠಣ್... ಠಣ್... ಠಣ್...

ಕಬ್ಬಿಣದ ಬಾಣಲೆಯ ಅಂಚಿಗೆ ತೂತಿನ ಸೌಟು ಬಡಿದ ಸದ್ದು. ಮೊನ್ನೆ ಮೊಳಕಾಲ್ಮುರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಸೀರೆ ನೇಯುವವರ ಓಣಿಗೆ ಆಟೋ ಹುಡುಕುತ್ತಿದ್ದೆ. ಪಕ್ಕದ ತಳ್ಳುಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದವನು ಸೌಟಿನ ಎಣ್ಣೆ ಕೊಡವಿದ, ಅಷ್ಟೇ. ನಾನು ಮಾತ್ರ ಗಕ್ಕನೆ ನಿಂತು ಹಿಂದೆ ತಿರುಗಿ ನೋಡಿದೆ, ಈಗ ಹೆಂಗಸರೆಲ್ಲ ಕೊಡ ಹಿಡಿದು ಓಡಿ ಬರುತ್ತಾರೆ ಅಂತ. ಯಾರೂ ಬರಲಿಲ್ಲ. ಬರುವುದಾದರೂ ಯಾಕೆ... ಆ ಸದ್ದಿನ ಅರ್ಥ ಗೊತ್ತಿದ್ದದ್ದು ಚಳ್ಳಕೆರೆಯ ಒಂದು ಓಣಿಗೆ ಮಾತ್ರ.

ನಮ್ಮದು ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಮನೆ. ಹಿತ್ತಲ ಗೋಡೆಯ ಆಚೆ ಕೆಳಗಿನ ಓಣಿ. ಅದರ ಮೂಲೆಯಲ್ಲಿ, ಬೀದಿ ನಲ್ಲಿಯ ಎದುರಿಗೇ, ಅಕ್ಕನ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ. ಓಣಿಗೆಲ್ಲ ಅವಳು ಅಕ್ಕ. ನನಗಿಂತ ಚಿಕ್ಕವಳೇ ಇದ್ದಳೇನೋ, ಆದರೂ ನಾನೂ ಅಕ್ಕ ಅಂತಲೇ ಕರೆದೆ. ದೇವಸಮುದ್ರದ ಕಡೆಯ ಕುರಿ ಸಾಕುವ ಮನೆಯಿಂದ ಮದುವೆಯಾಗಿ ಬಂದವಳು; ಸಿಟ್ಟು ಬಂದರೂ ಮುದ್ದು ಬಂದರೂ ಬಾಯಲ್ಲಿ ತವರಿನ ತೆಲುಗು ಬರುತ್ತಿತ್ತು. ಸಂಜೆ ಮೊದಲ ಒಬ್ಬೆ ಬಜ್ಜಿ ಎದ್ದಾಗ ಬಾಣಲೆ ಬಡಿಯುತ್ತಿದ್ದಳು. ಬೇರೆ ಹೊತ್ತಿನಲ್ಲಿ ಬಡಿದರೆ ನಲ್ಲಿಗೆ ನೀರು ಬಂದಿದೆ ಅಂತ. ಆ ನೀರಿಗೆ ಟೈಮ್‌ಟೇಬಲ್ ಇರಲಿಲ್ಲ, ಅವಳೇ ಓಣಿಯ ಬೆಲ್ಲು. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಬೆಲ್ ಹೊಡೆದಾಗ ನಾವು ನಿಲ್ಲುತ್ತಿದ್ದ ಹಾಗೆ ಅಲ್ಲಿ ಯಾರೂ ಸಾಲಾಗಿ ನಿಲ್ಲುತ್ತಿರಲಿಲ್ಲ, ಆ ಮಾತು ಬೇರೆ.

ಬರುತ್ತಿದ್ದದ್ದು ಬೋರ್ ನೀರು. ನಮ್ಮ ಮೇಲಿನ ಓಣಿಗೆ ಹೊಳೆ ನೀರಿನ ಪೈಪು ಬಂದು ವರ್ಷಗಳಾಗಿದ್ದವು. ಅದು ನಮ್ಮ ಗೋಡೆಯ ತನಕ ಬಂದು ಅಲ್ಲೇ ನಿಂತುಬಿಟ್ಟಿತ್ತು. ಕೆಳಗಿನ ಓಣಿಯ ಬೋರ್ ನೀರಿನಲ್ಲಿ ಫ್ಲೋರೈಡ್. ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಕಂದು ಪಟ್ಟಿ, ವಯಸ್ಸಾದವರಿಗೆ ಮಂಡಿ ಮಡಚಲು ಬಾರದು. ಅಕ್ಕನ ಮಗಳು ನಗುವಾಗಲೆಲ್ಲ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಮದುವೆ ಫೋಟೋದಲ್ಲೂ ತುಟಿ ಬಿಗಿದೇ ನಿಂತಿದ್ದಾಳೆ. ಆ ಮಗಳಿಗೆ ಹೆಣ್ಣು ಕೂಸು ಹುಟ್ಟಿದಾಗ ಅಕ್ಕ ನನಗೆ ಹೇಳಿದ್ದು ಒಂದೇ ಮಾತು: "ಅಮ್ಮಾರೇ, ಇದು ಬಾಯಿ ತುಂಬ ನಗಬೇಕು ನೋಡ್ರಿ."

ಅದೇ ವರ್ಷ ಯೂನಿವರ್ಸಿಟಿಯವರು ಬಂದರು. ಒಂದೇ ಊರಿನಲ್ಲಿ ಒಂದು ಓಣಿಯವರ ಆರೋಗ್ಯ ಒಂದು ಥರ, ಗೋಡೆಯಾಚೆಯವರದು ಇನ್ನೊಂದು ಥರ ಯಾಕೆ ಅನ್ನುವುದು ಅವರ ರಿಸರ್ಚ್. ಇಂಗ್ಲಿಷ್ ಬರುತ್ತದೆ ಅಂತ ನನ್ನನ್ನು ಟ್ರಾನ್ಸ್‌ಲೇಟರ್ ಮಾಡಿಕೊಂಡರು. ಯಜಮಾನರು ಹೋದ ಮೇಲೆ ನನಗೂ ಹೊತ್ತು ಹೋಗುತ್ತಿರಲಿಲ್ಲ. ಐ ವಾಸ್ ಓನ್ಲಿ ಟೂ ಗ್ಲ್ಯಾಡ್.

ಮೊದಲ ದಿನ ಬಂದವರು ಎಳೆಯ ಡಾಕ್ಟರುಗಳು. ಆಟೋಗೆ ಮೈಕು ಕಟ್ಟಿ ಕೂಗಿಸಿದರು. ರಕ್ತದ ಸ್ಯಾಂಪಲ್ ತೆಗೆಯುವ ಸಾಮಾನೆಲ್ಲ ಮೇಜಿನ ಮೇಲೆ ಜೋಡಿಸಿ, ಅಕ್ಕನ ಅಂಗಡಿ ಮುಂದಿನ ಬೆಂಚಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಟಾರ್ಚು ಬಿಟ್ಟು ಹಲ್ಲು ನೋಡತೊಡಗಿದರು. ಅಕ್ಕ ಸೌಟು ಹಿಡಿದುಕೊಂಡೇ ಎದ್ದು ಬಂದಳು.

"ತುಟಿ ಎತ್ತಿ ಎತ್ತಿ ನೋಡ್ತೀರಲ್ಲ, ನಾವೇನು ಸಂತೆ ಕುರಿಗಳಾ? ಯಾವ ಸಂತೆಗೆ ಹೊಡಕಂಡು ಹೋಗ್ತೀರಿ ನಮ್ಮನ್ನ?"

ಓಣಿ ನಕ್ಕಿತು, ಡಾಕ್ಟರುಗಳೂ ನಕ್ಕರು. ಎಲ್ಲ ಸರಿಹೋಗುತ್ತಿತ್ತು. ಆದರೆ ಬಿಸಿಲಲ್ಲಿ ಬಂದವರು ಅಂತ ಅಕ್ಕ ಹಿತ್ತಾಳೆ ಲೋಟದಲ್ಲಿ ನೀರು ತಂದು ಕೊಟ್ಟಳು. ಅವರು ಬಹಳ ಪೊಲೈಟಾಗಿ ತಮ್ಮ ಬ್ಯಾಗಿನ ಬಾಟಲಿ ತೋರಿಸಿದರು. ನೋ ಥ್ಯಾಂಕ್ಸ್.

"ನಮ್ಮ ನೀರು ಬ್ಯಾಡ, ನಮ್ಮ ರಕ್ತ ಮಾತ್ರ ಬೇಕು," ಅಂದಳು ಅಕ್ಕ. "ಯಾವೂರ ನ್ಯಾಯರೀ ಇದು?"

ಅದನ್ನು ಟ್ರಾನ್ಸ್‌ಲೇಟ್ ಮಾಡುವ ಅಗತ್ಯ ಬೀಳಲಿಲ್ಲ. ಒಂದೊಂದೇ ಬಾಗಿಲು ಹಾಕಿಕೊಂಡವು. ಹಾಕಿದ ಬಾಗಿಲು ಮಾರನೆಯ ದಿನವೂ ತೆಗೆಯಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ನನಗೋ ಒಳಗೊಳಗೇ ಭಯ. ರಿಸರ್ಚ್ ನಿಂತರೆ ನೀರಿನ ದೋಷ ಸಾಬೀತಾಗುವುದಿಲ್ಲ, ಪೈಪೂ ನಮ್ಮ ಗೋಡೆಯ ಹತ್ತಿರವೇ ನಿಲ್ಲುತ್ತದೆ. ಕೂಸು ಆಗಲೇ ಮಗ್ಗುಲಾಗಿ ಹೊರಳುತ್ತಿತ್ತು.

ಆಮೇಲೆ ಆ ರಿಸರ್ಚ್ ನಡೆಸುತ್ತಿದ್ದ ಪ್ರೊಫೆಸರ್ ಮೇಡಂ ಒಬ್ಬರೇ ಬಸ್ಸಿನಲ್ಲಿ ಬಂದರು. ಮೈಕಿಲ್ಲ, ಟಾರ್ಚಿಲ್ಲ. ಬೆಂಚಿನ ಮೇಲೆ ಕೂತು ಬಜ್ಜಿ ತಿಂದರು. ಅಕ್ಕ ಅದೇ ಲೋಟ ತುಂಬಿಸಿ ಮುಂದಿಟ್ಟಳು. ಅರ್ಧ ಓಣಿ ಬಾಗಿಲ ಸಂದಿಯಲ್ಲಿ ನೋಡುತ್ತಿತ್ತು.

ಮೇಡಂ ಲೋಟ ಕೈಗೆ ತೆಗೆದುಕೊಂಡರು, ಬಾಯಿಗೆ ಒಯ್ಯಲಿಲ್ಲ. "ಇದನ್ನ ನಾನು ಕುಡಿಯಲ್ಲ ಅಕ್ಕಾ. ಇದು ಯಾರೂ ಕುಡಿಯೋ ನೀರಲ್ಲ, ನೀವೂ ಕುಡಿಯಬಾರದು. ಇಷ್ಟು ಮಾತನ್ನ ನೀರು ಬಿಡೋರ ಮುಂದೆ ಸಾಬೀತು ಮಾಡಬೇಕು. ನನ್ನೊಬ್ಬಳ ಕೈಲಾಗಲ್ಲ."

ಅಕ್ಕ ಅವರನ್ನೇ ನೋಡಿದಳು... ಬಾಣಲೆಯಲ್ಲಿದ್ದ ಬಜ್ಜಿ ಕರಕಾಗುವ ತನಕ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಈಯಮ್ಮ ಸುಳ್ಳು ಹೇಳಲಿಲ್ಲ ನೋಡ್ರಿ ಅಮ್ಮಾರೇ." ಮತ್ತೆ ಮೇಡಂಗೆ: "ಆಯ್ತು. ನೀರು ಬದಲಾದ ದಿನ ಇದೇ ಬೆಂಚು, ಇದೇ ಲೋಟ. ಒಂದು ಹನಿ ಬಿಡಂಗಿಲ್ಲ."

ಹಾಲುಹಲ್ಲು ಬಿದ್ದ ಮೇಲೆ ಬರುವ ಹೊಸ ಹಲ್ಲುಗಳು ಮಕ್ಕಳ ಒಸಡಿನ ಒಳಗೆ ಎಳವೆಯಲ್ಲೇ ಕಟ್ಟುತ್ತಿರುತ್ತವೆ, ಆಗ ಕುಡಿದ ನೀರೇ ಅವುಗಳ ಮೇಲೆ ಗುರುತು ಬಿಡುತ್ತದೆ ಅಂತ ಮೇಡಂ ವಿವರಿಸಿದರು. "ಹಂಗಾದ್ರೆ ಬಿರ್ರನೆ ಮುಗಿಸ್ರಿ," ಅಂದಳು ಅಕ್ಕ. "ಕೂಸಿನ ಹಲ್ಲು ನಿಮ್ಮ ರಿಪೋರ್ಟಿಗೆ ಕಾಯಲ್ಲ." ಅಲ್ಲಿಯ ತನಕ ಕೂಸುಗಳಿಗೆ ಅಂತ ನಮ್ಮ ಹಿತ್ತಲ ನಲ್ಲಿಯಿಂದ ಗೋಡೆ ಮೇಲೆ ರಬ್ಬರ್ ಪೈಪು ಹಾಯಿಸಿದೆವು. ಆದರೆ ಅಂಬೆಗಾಲಿಡುವ ಮಗು ಗೋಡೆ ಹುಡುಕಿಕೊಂಡು ಬರುತ್ತದೆಯೇ? ಬಾಯಾರಿದರೆ ಎದುರಿನ ನಲ್ಲಿಗೇ ಬಾಯಿ ಹಚ್ಚುತ್ತದೆ.

ಮರುದಿನ ಅಕ್ಕ ಬಾಣಲೆ ಬಡಿದಳು. ಕೊಡ ಹಿಡಿದು ಬಂದವರನ್ನೆಲ್ಲ ಹಿಡಿದು ಕೂರಿಸಿ ಷರತ್ತು ಹಾಕಿಸಿದಳು. ಏನು ಕೇಳಬೇಕು ಅನ್ನುವುದನ್ನು ಓಣಿಯವರೂ ಕೂತು ಹೇಳಬೇಕು. ಸ್ಯಾಂಪಲ್ ತೆಗೆಯುವಾಗ ಓಣಿಯ ಹೆಂಗಸು ಒಬ್ಬಳು ಪಕ್ಕದಲ್ಲಿರಬೇಕು. ಬಂದ ರಿಸಲ್ಟನ್ನು ಬೇರೆ ಎಲ್ಲೂ ಓದುವ ಮೊದಲು ಈ ಬೆಂಚಿನ ಮುಂದೆ, ಕನ್ನಡದಲ್ಲಿ ಓದಬೇಕು. ಯೂನಿವರ್ಸಿಟಿಯ ಕಾಗದದಲ್ಲಿ ಇದಕ್ಕೆ 'ಕಮ್ಯುನಿಟಿ ಪಾರ್ಟ್‌ನರ್‌ಶಿಪ್' ಅಂತ ಹೆಸರಿತ್ತು. ಓಣಿಯಲ್ಲಿ 'ಅಕ್ಕನ ಮೀಟಿಂಗು' ಅಂತಿದ್ದರು. ಮುಚ್ಚಿದ್ದ ಬಾಗಿಲೆಲ್ಲ ತೆರೆದವು. ಅಕ್ಕನ ಮಗಳೇ, ಸೆರಗು ಕೈಯಲ್ಲಿ ಹಿಡಿದುಕೊಂಡು, ಮನೆ ಮನೆಗೆ ಹೋಗಿ ಪ್ರಶ್ನೆ ಕೇಳಿದಳು.

ರಿಸಲ್ಟ್ ಓದಿದ ದಿನವನ್ನು ಹೇಗೆ ಮರೆಯಲಿ! ಓಣಿಯ ತುಂಬ ಕಂಬಳಿ ಹಾಸಿದ್ದರು. ನೀರಿನ ಆಫೀಸಿನವರನ್ನೂ ಕರೆದಿದ್ದೆವು. ಸಾಹೇಬರು ಇಬ್ಬರನ್ನು ಜೊತೆಗೆ ಕರೆದುಕೊಂಡು ಬಂದು ಕುರ್ಚಿಯಲ್ಲಿ ಕೂತರು. ಅಕ್ಕನ ಮಗಳು ನಿಂತು ಓದಿದಳು, ಯಾವ ನಲ್ಲಿಯ ನೀರಿನಲ್ಲಿ ಏನಿದೆ, ಅದು ಯಾರ ಹಲ್ಲಿಗೆ, ಯಾರ ಮೂಳೆಗೆ ಇಳಿದಿದೆ ಅಂತ. ಓದುವಾಗ ಎರಡೂ ಕೈಯಲ್ಲಿ ಕಾಗದ. ಸೆರಗು ಹಿಡಿಯಲು ಕೈಯೇ ಇರಲಿಲ್ಲ. ನಾನು ಮೇಡಂ ಕಡೆ ನೋಡಿದೆ. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ.

ಸಾಹೇಬರು ಗಂಟಲು ಸರಿಮಾಡಿಕೊಂಡು, "ಫಂಡ್ ಬರಬೇಕು, ನೋಡೋಣ," ಅಂದರು. ಅಕ್ಕ ಬಾಣಲೆ ಕಡೆ ಎದ್ದು ಹೋದಳು. ಬಿಸಿ ಬಿಸಿ ಬಜ್ಜಿ ತಂದು ಕೊಟ್ಟಳು. ಅಂಥ ಖಾರದ ಮೆಣಸಿನಕಾಯಿ ಎಲ್ಲಿಂದ ಹುಡುಕಿ ತಂದಿದ್ದಳೋ! ಎರಡು ಸಲ ಕಚ್ಚುವಷ್ಟರಲ್ಲಿ ಸಾಹೇಬರಿಗೆ ಕಿವಿ ಕೆಂಪಾಯಿತು, ಮೂಗಿನಲ್ಲಿ ನೀರಿಳಿಯಿತು. ಆಗ ಅವರ ಮುಂದೆ ಹಿತ್ತಾಳೆ ಲೋಟ ಇಟ್ಟಳು, ಎದುರಿನ ನಲ್ಲಿಯಿಂದಲೇ ತುಂಬಿಸಿದ್ದು.

"ತಗಳ್ರಿ ಸಾಹೇಬ್ರೇ, ಖಾರ ಆಗೈತೆ. ಕುಡೀರಿ."

ಸಾಹೇಬರು ಲೋಟ ನೋಡಿದರು. ಮಗಳ ಕೈಯಲ್ಲಿದ್ದ ಕಾಗದ ನೋಡಿದರು. ಬಾಯಿ ತೆರೆದು ಹಾ ಹಾ ಅಂತ ಗಾಳಿ ಎಳೆದರೇ ಹೊರತು ಕೈ ಮುಂದೆ ಬರಲಿಲ್ಲ. ಅವರ ಜೊತೆಯವರದೂ ಬರಲಿಲ್ಲ.

"ಯಾಕ್ರಿ? ನಾವು ದಿನಾ ಕುಡಿಯೋದೇ," ಅಂದಳು ಅಕ್ಕ, ಬಹಳ ಮೆತ್ತಗೆ.

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಓಣಿ ನಕ್ಕಿತು. ಕೊನೆಗೆ ಸಾಹೇಬರೂ, ಕಣ್ಣಲ್ಲಿ ನೀರು ಸುರಿಸಿಕೊಂಡೇ, ನಕ್ಕುಬಿಟ್ಟರು. "ಆಯ್ತು ತಾಯಿ, ಪೈಪು ಹಾಕಿಸ್ತೀನಿ. ಮೊದಲು ಒಂಚೂರು ಬೆಲ್ಲ ಕೊಡಿ!" ಬೆಲ್ಲ ಅವಳ ಸೆರಗಿನ ತುದಿಯಲ್ಲಿ ಗಂಟು ಕಟ್ಟಿ ಸಿದ್ಧವಾಗಿತ್ತು.

ಮಾತು ಉಳಿಸಿಕೊಂಡರು, ಅದನ್ನು ಹೇಳಲೇಬೇಕು. ಕೂಸು ಓಡಾಡುವ ಹೊತ್ತಿಗೆ ನಮ್ಮ ಗೋಡೆಯ ಬುಡ ಅಗೆದು ಹೊಳೆ ನೀರಿನ ಪೈಪು ಕೆಳಗಿನ ಓಣಿಗೆ ಇಳಿಯಿತು. ಆ ಸಂಜೆ ಪ್ರೊಫೆಸರ್ ಮೇಡಂ ಅದೇ ಬೆಂಚಿನ ಮೇಲೆ ಕೂತು ಅದೇ ಲೋಟ ಎತ್ತಿ ಗಟಗಟ ಕುಡಿದು, ಬೋರಲು ಹಾಕಿ ತೋರಿಸಿದರು. ಒಂದು ಹನಿ ಬೀಳಲಿಲ್ಲ. ನಾನು ಕಾನ್ವೆಂಟಿನ ಸ್ಪೋರ್ಟ್ಸ್ ಡೇಯಲ್ಲಿ ಕೂಗುತ್ತಿದ್ದ ಹಾಗೆ ಹಿಪ್ ಹಿಪ್ ಹುರ್ರೇ ಅಂತ ಕೂಗಿದೆ, ಈ ವಯಸ್ಸಿನಲ್ಲಿ!

ಈಗ ಅದೇ ಮೇಡಂ ಮೊಳಕಾಲ್ಮುರಿನಲ್ಲಿ, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ನೇಯುವವರ ಸೊಂಟ-ಕಣ್ಣುಗಳ ಸ್ಟಡಿ ಮಾಡುತ್ತಿದ್ದಾರೆ. ಮೊನ್ನೆ ಹೋದದ್ದು ಅದಕ್ಕೇ. ಅಲ್ಲಿಯ ಹೆಂಗಸರು ಮೊದಲೇ ಹೇಳಿದರು, ರಿಸಲ್ಟ್ ಮೊದಲು ನಮ್ಮ ಓಣಿಯಲ್ಲಿ ಓದಬೇಕು, ಚಳ್ಳಕೆರೆಯಲ್ಲಿ ಓದಿದ ಹಾಗೆ ಅಂತ. ಯಾರು ಹಾಕಿದ ಷರತ್ತು ಅಂತ ಅವರಿಗೆ ಗೊತ್ತಿಲ್ಲ. ನಾನು ಹೇಳಿದೆ. ಅಕ್ಕ ಇಲ್ಲ. ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿಯವನು ಕೂತಿದ್ದಾನೆ. ಬೆಂಚು ಮಾತ್ರ ಹಾಗೇ ಇದೆ...

ಕೊನೆಯ ಸಲ ಅವಳನ್ನು ನೋಡಿದ್ದು ಒಂದು ಮಟಮಟ ಮಧ್ಯಾಹ್ನ. ಒಲೆ ಹಚ್ಚಿರಲಿಲ್ಲ. ನಲ್ಲಿಗೆ ದಿನಾ ಹೊತ್ತಿಗೆ ಸರಿಯಾಗಿ ನೀರು ಬರುತ್ತಿದ್ದುದರಿಂದ ಬಾಣಲೆಯ ಬೆಲ್ಲೂ ನಿಂತು ಬಹಳ ಕಾಲವಾಗಿತ್ತು. ಅಂಥ ಹೊತ್ತಿನಲ್ಲಿ ಠಣ್, ಠಣ್, ಠಣ್! ನಾನು ಹಿತ್ತಲ ಬಾಗಿಲಿನಿಂದ ಓಡಿದೆ. ಹಳೆಯ ಅಭ್ಯಾಸಕ್ಕೆ ಒಬ್ಬಿಬ್ಬರು ಕೊಡ ಹಿಡಿದೇ ಬಂದಿದ್ದರು.

ಅಕ್ಕ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ಆಗಲೇ ಸೊರಗಿದ್ದಳು. "ರಾ ತಲ್ಲೀ," ಅಂತ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು, ಕುರಿ ನೋಡುವವರ ಹಾಗೆ ಹೆಬ್ಬೆರಳಿನಿಂದ ಅದರ ಕೆಳತುಟಿ ಇಳಿಸಿ ಹಿಡಿದಿದ್ದಳು. ಹಾಲುಹಲ್ಲು ಬಿದ್ದ ಜಾಗದಲ್ಲಿ ಎರಡು ಹೊಸ ಹಲ್ಲು. ಮಂಡಕ್ಕಿಯಷ್ಟು ಬೆಳ್ಳಗೆ. ಒಂದು ಗೆರೆ ಇಲ್ಲ.

"ಏನಕ್ಕಾ, ಈ ಹೊತ್ತಲ್ಲಿ ನೀರು ಬಂತಾ?" ಅಂತ ಕೊಡ ಹಿಡಿದವಳೊಬ್ಬಳು ಕೇಳಿದಳು.

"ಹ್ಞೂಂ, ಬಂತು," ಅಂದಳು ಅಕ್ಕ, ಮೊಮ್ಮಗಳ ತುಟಿ ಬಿಡದೆ. "ಇಲ್ಲಿ ನೋಡ್ರಿ."