ದಡ್ಡಿಯ ಗುರುತು, ಹರಿಯಾಣದ ಕುರಿ

ಬಂದ ಎರಡನೇ ದಿನ ಅಂಗಡಿಯಲ್ಲಿ ಜೋಳದ ಹಿಟ್ಟು ಕೇಳಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮನೆಯಲ್ಲಿ ಎಷ್ಟು ಎಮ್ಮೆ ಕಟ್ಟಿದ್ದೀರಿ ಎಂದ. ಹರಿಯಾಣದ ಈ ಊರಿನಲ್ಲಿ ಜೋಳವೆಂದರೆ ದನದ ಮೇವು. ಹುಕ್ಕೇರಿ ಕಡೆ ನಾವು ಉಂಡು ಬೆಳೆದದ್ದೇ ಅದರ ರೊಟ್ಟಿಯನ್ನು ಎಂದರೆ ನಂಬಲಿಲ್ಲ.

ನಾನು ಬಾಡಿಗೆಗಿದ್ದ ಮನೆಯ ಒಡತಿಯನ್ನು ಇಲ್ಲಿ 'ತಾಈ' ಅನ್ನಬೇಕು, ದೊಡ್ಡಮ್ಮ ಎಂದರ್ಥ. ಆ ದೊಡ್ಡಮ್ಮ ನನಗಿಟ್ಟ ಹೆಸರು ಮದ್ರಾಸಿ. ತಿದ್ದಿ ತಿದ್ದಿ ಸಾಕಾಗಿ, ಹಾಗೆ ಕೂಗಿದರೆ ಓಗೊಡುವುದನ್ನೇ ಬಿಟ್ಟೆ. ಹದಿನೈದು ದಿನದಲ್ಲಿ ನನ್ನ ಹೆಸರು ಅವಳ ಬಾಯಿಗೆ ಬಂತು.

ನಾನು ಇಲ್ಲಿನ ಸಂಶೋಧನಾ ಸಂಸ್ಥೆಗೆ ಬಂದದ್ದು ಕುರಿಯ ಕಿವಿಯ ಚರ್ಮದಿಂದ ಕಾಂಡಕೋಶ ಮಾಡಲು. ಅಂದರೆ, ಏನು ಬೇಕಾದರೂ ಆಗಬಲ್ಲ ಜೀವಕೋಶ. ಪ್ರಯೋಗಾಲಯದ ಮೊದಲ ದಿನ, ಮರಿಯೊಂದರ ಕಿವಿಯಿಂದ ಚೂರು ಚರ್ಮ ತೆಗೆ ಎಂದರು. ಕೈ ತನ್ನಷ್ಟಕ್ಕೆ ಎಡಗಿವಿಯ ಅಂಚಿನಲ್ಲಿ ಎರಡು ಕಚ್ಚು ಹಾಕಿತು. ಊರಿನ ನಮ್ಮ ಕುರಿದಡ್ಡಿಯಲ್ಲಿ ಹುಟ್ಟಿದ ಪ್ರತಿ ಮರಿಗೂ ಅಪ್ಪ ಹಾಕುವ ನಮ್ಮ ಹಿಂಡಿನ ಗುರುತು ಅದು. ಸಂಸ್ಥೆಯ ಕುರಿಯನ್ನು ನಿಮ್ಮಪ್ಪನದು ಮಾಡಿಬಿಟ್ಟೆಯಾ ಎಂದು ಮುಖ್ಯಸ್ಥರು ಎಲ್ಲರೆದುರು ಗದರಿಸಿದರು. ಕುರಿ ಕಾಯುವವರ ಮಗಳು ಕುರಿಯನ್ನೇ ಕಾಯಲಿ ಎಂದೂ ಯಾರೋ ಅಂದರು. ಮೈಯೆಲ್ಲ ಉರಿಯಿತು. ಆ ಕಚ್ಚಿನಲ್ಲಿ ಬಂದ ಚೂರಿನಿಂದಲೇ ಕೆಲಸ ಶುರು ಮಾಡಿದೆ.

ಕೋಶವನ್ನು ಬದಲಿಸಲು ಅವರ ಹಳೆಯ ದಾರಿಯೆಂದರೆ, ವೈರಸ್ಸಿನ ಮೂಲಕ ಹೊಸ ಜೀನುಗಳನ್ನು ಅದರ ವರ್ಣತಂತುವಿಗೆ ಕಾಯಂ ಸೇರಿಸಿಬಿಡುವುದು. ಮುಂದೆ ಅದು ಕ್ಯಾನ್ಸರಿಗೂ ದಾರಿಯಾಗಬಹುದು. ನಾನು ಆ ಜೀನುಗಳ ಸಂದೇಶ ಹೊತ್ತ ಆರ್‌ಎನ್‌ಎ ತುಣುಕುಗಳನ್ನಷ್ಟೇ ದಿನಾ ಕೊಡುತ್ತಿದ್ದೆ. ಅವು ಕೆಲಸ ಮುಗಿಸಿ ಕರಗುತ್ತವೆ. ಮೂಡಲಗಿಯ ರೈತರ ಹೊಲದಲ್ಲಿ ನಾವು ನಾಲ್ಕು ದಿನ ಕುರಿ ನಿಲ್ಲಿಸಿ ಮುಂದೆ ಹೋಗುವ ಹಾಗೆ. ಹಿಕ್ಕೆಯಿಂದ ಹೊಲಕ್ಕೆ ಕಸುವು ಬರುತ್ತದೆ, ಕುರಿ ಅಲ್ಲಿರುವುದಿಲ್ಲ.

ಮೂರು ಸಲ ಕೋಶಗಳೆಲ್ಲ ಸತ್ತವು. ಇನ್ನೊಮ್ಮೆ ಸತ್ತರೆ ವೈರಸ್ಸಿನ ದಾರಿ ಹಿಡಿ, ಇಲ್ಲವೇ ಊರಿಗೆ ನಡೆ ಎಂದರು ಮುಖ್ಯಸ್ಥರು. ಎರಡಕ್ಕೂ ಒಲ್ಲೆ ಎಂದೆ. ಅತಿಯಾದರೆ ಅಮೃತವೂ ವಿಷ. ಸಂದೇಶದ ಪ್ರಮಾಣವನ್ನು ಅರ್ಧಕ್ಕಿಳಿಸಿ ಮತ್ತೆ ಹಿಡಿದೆ. ಮೂರನೇ ವಾರ ತಟ್ಟೆಯಲ್ಲಿ ಕಾಂಡಕೋಶಗಳು ಗುಂಪು ಗುಂಪಾಗಿ ಎದ್ದವು. ಕೊಟ್ಟ ಸಂದೇಶದ ಕುರುಹು ಉಳಿದಿದೆಯೇ ಎಂದು ತಿಂಗಳುಗಟ್ಟಲೆ ಹುಡುಕಿದರೂ ಸಿಗಲಿಲ್ಲ. ಗದರಿಸಿದವರೇ ಇನ್ನೂ ಮೂರು ವರ್ಷ ಇರು ಎಂದು ಒಪ್ಪಂದದ ಕಾಗದ ಮುಂದಿಟ್ಟರು.

ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಕೇಳಿದ:

"ಅಲ್ಲವ್ವಾ, ತಾ ಮೊದಲ ಕಿವಿ ಇದ್ದೆ ಅನ್ನೂದು ಆ ಕೋಶಕ್ಕ ನೆನಪಿರತೈತೇನು?"

"ತುಸು ಇರತೈತಿ ಅಪ್ಪಾ. ಪೂರಾ ಅಳಸಾಕ ಯಾರಿಂದ್ಲೂ ಆಗೂದಿಲ್ಲ."

"ಹಂಗಾರ ಸಹಿ ಹಾಕು."

ಹಾಕಿದೆ. ಮೂರು ವರ್ಷ ಎಂದು ಬರೆದದ್ದನ್ನು ಮತ್ತೆ ಓದಿದಾಗ ಊರು ನೆನೆದು ಅಳು ಬಂತು. ಹರಿದುಹಾಕಲು ಮಾತ್ರ ಮನಸ್ಸು ಬರಲಿಲ್ಲ.