ಕಿತ್ತಳೆ ರಸದಲ್ಲಿ ನಾನು ಬೆರೆಸಿದ್ದು

ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕ ಹನ್ನೆರಡನೆಯ ವಯಸ್ಸಿಗೇ ನೆಲದೊಳಗೆ ಬೆಳೆಯುವುದನ್ನೆಲ್ಲ ಬಿಟ್ಟಿದ್ದಳು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡೆ, ಗಜ್ಜರಿ ಅಂದರೆ ಕ್ಯಾರೆಟ್, ಯಾವುದೂ ಇಲ್ಲ. ನಮ್ಮದು ಜೈನರ ಮನೆಯಾದರೂ ನನಗೆ ಆ ನೇಮ ಪಾಲಿಸಲಾಗಲಿಲ್ಲ. ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ನಾನು ಉಳ್ಳಾಗಡ್ಡಿ ಭಜಿ ತಿನ್ನುವಾಗ ಆಕೆ ದೂರ ನಿಂತು ಕಾಯುತ್ತಿದ್ದಳು. ಆಮೇಲೆ, ಅಪ್ಪನಿಗೆ ವಾಸನೆ ಬರದಿರಲೆಂದು, ಒಂದು ಯಾಲಕ್ಕಿ ನನ್ನ ಕೈಗಿಡುತ್ತಿದ್ದಳು. ಒಮ್ಮೆಯೂ ಬೈದದ್ದಿಲ್ಲ.

ತೊಂಬತ್ತರ ದಶಕದ ಕೊನೆಗೆ, ಹುಕ್ಕೇರಿಯಲ್ಲಿ ಸಂಸಾರ ಮಾಡಿಕೊಂಡಿದ್ದ ಆ ಅಕ್ಕನಿಗೆ ಎದೆಯ ಕ್ಯಾನ್ಸರ್ ಆಯಿತು. ಬೆಳಗಾವಿಯಲ್ಲಿ ಆಪರೇಶನ್ ಆಗಿ ಚಿಕಿತ್ಸೆ ನಡೆದಿತ್ತು. ನಾನು ಮೂಡಲಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಆಗ ಪತ್ರಿಕೆಗಳ ಭಾನುವಾರದ ಪುರವಣಿಯಲ್ಲೆಲ್ಲ ಆ್ಯಂಟಿಆಕ್ಸಿಡೆಂಟ್‌ಗಳದೇ ಮಾತು. ಕೊಯ್ದಿಟ್ಟ ಸೇಬು ಗಾಳಿಗೆ ಕಂದಾಗುವುದನ್ನೂ ಲಿಂಬೆರಸ ಸವರಿದರೆ ಆಗದಿರುವುದನ್ನೂ ನಾನೇ ತರಗತಿಯಲ್ಲಿ ಮಾಡಿ ತೋರಿಸಿದ್ದೆ. ದೇಹದ ಜೀವಕೋಶಗಳಿಗೂ ಇಂಥ ಕಾವಲು ಸಿಗುತ್ತದೆ, ಗಜ್ಜರಿಯಲ್ಲಿ ಅದು ಹೇರಳವಾಗಿದೆ ಎಂದು ಓದಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

"ಔಷಧ ಅಂತ ತಿಳಕೊಂಡು ತಿನ್ನಕ್ಕಾ," ಎಂದೆ.

"ಜಡ್ಡ ಬಂತಂತ ನೇಮ ಮುರೀಲೇನು?" ಎಂದು ನಕ್ಕಳು.

ಮುಂದಿನ ಶನಿವಾರ ಗಜ್ಜರಿ ಹೆರೆದು, ಬಟ್ಟೆಯಲ್ಲಿ ಹಿಂಡಿ, ಕಿತ್ತಳೆ ರಸಕ್ಕೆ ಬೆರೆಸಿದೆ. ಬಣ್ಣ ಬಣ್ಣದಲ್ಲಿ ಸೇರಿಹೋಯಿತು. ಹೊತ್ತು ಮುಳುಗಿದ ಮೇಲೆ ಆಕೆ ನೀರೂ ಮುಟ್ಟುವುದಿಲ್ಲವೆಂದು, ಬಸ್ಸು ಬದಲಿಸುತ್ತ ಓಡೋಡಿ ಹುಕ್ಕೇರಿ ಮುಟ್ಟಿದೆ.

ಅಕ್ಕ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. "ಭಾಳ ಸವಿ ಐತೆಲ್ಲ. ಬರೇ ಕಿತ್ತಳಿ ಹೌದಿಲ್ಲೋ?"

"ಹೌದಕ್ಕಾ, ಬರೇ ಕಿತ್ತಳಿ."

ಪೂರ್ತಿ ಕುಡಿದಳು. ಆಮೇಲೆ ಎರಡು ತಿಂಗಳು ಪ್ರತಿ ಶನಿವಾರ ಕುಡಿದಳು. ಮತ್ತೆ ಕೇಳಲಿಲ್ಲ.

ಬೆಳಗಾವಿಯ ಡಾಕ್ಟರರ ಮುಂದೆ, ಅಕ್ಕ ಹೊರಗೆ ಕುಳಿತಿದ್ದಾಗ, ಈ ವಿಷಯವನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಕನ್ನಡಕ ತೆಗೆದರು. "ಟೀಚರ್, ಗಜ್ಜರಿ ಛಲೋನ. ಆದ್ರ ಅದರಿಂದ ಗಂಟ ಕರಗೂದಿಲ್ರಿ. ನೀವು ಹೇಳೋ ಅಂಶ ಅವರು ದಿನಾ ತಿನ್ನೂ ತಪ್ಪಲಪಲ್ಯಾ, ಟೊಮ್ಯಾಟೊದಾಗೂ ಐತಿ. ಅವರ ಮನಸ್ಸಿಗೆ ಬಂದದ್ದನ್ನ ತಿನ್ನಾಕ ಕೊಡ್ರಿ." ಆಮೇಲೆ ದನಿ ತಗ್ಗಿಸಿ, ಜಡ್ಡು ಯಕೃತ್ತಿಗೆ ಹಬ್ಬಿದೆ ಎಂದರು.

ಅಂದರೆ ಆ ಸುಳ್ಳಿನ ಅಗತ್ಯವೇ ಇರಲಿಲ್ಲ. ಮೆಂತ್ಯದ ಸೊಪ್ಪು, ರಾಜಗಿರಿ, ಲಿಂಬೆಹಣ್ಣು ಎಲ್ಲವೂ ಅಕ್ಕನ ತಾಟಿನಲ್ಲೇ ಇದ್ದವು. ಹಿಂದಿರುಗುವಾಗ ಬಸ್ಸಿನಲ್ಲಿ ಆಕೆ ನನ್ನ ಭುಜಕ್ಕೊರಗಿ ನಿದ್ದೆ ಹೋದಳು. ಎದ್ದ ಕೂಡಲೇ ಹೇಳಿಬಿಡಬೇಕೆಂದುಕೊಂಡೆ. ಹೇಳಲಿಲ್ಲ.

ಬೇಸಿಗೆಯ ಹೊತ್ತಿಗೆ ಆಕೆ ಹಾಸಿಗೆ ಹಿಡಿದಳು. ಒಂದು ಮುಂಜಾನೆ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ಕೈ ಜೋಡಿಸಿ ಕ್ಷಮೆ ಕೇಳಿದಳು. ನಮ್ಮಲ್ಲಿ ಹಾಗೆ ಕೇಳುವುದುಂಟು; ಎದುರಿನವರೂ ತಿರುಗಿ ಕೇಳುತ್ತಾರೆ. ನನ್ನ ಸರದಿ ಬಂತು.

"ನನ್ನಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡವಾ."

"ನನ್ನದೂ..." ಎಂದೆ. ಆಕೆ ನನ್ನ ಕೆನ್ನೆ ಸವರಿ, "ನಿಂದೇನ ಐತಿ, ಹುಚ್ಚಿ," ಎಂದಳು. ನಾಲ್ಕು ದಿನಕ್ಕೆ ಹೋಗಿಬಿಟ್ಟಳು.

ಕೆಲವು ವರ್ಷಗಳ ನಂತರ ಅಕ್ಕನ ಮಗಳ ಮನೆಗೆ ಹೋಗಿದ್ದಾಗ ಎಲ್ಲವನ್ನೂ ಬಾಯಿಬಿಟ್ಟೆ. ಆಕೆ ಸೊಪ್ಪು ಸೋಸುತ್ತ ಕೇಳಿದಳು. ಕೊನೆಗೆ ಆಕೆಯ ಕೈ ನಿಂತಿತು.

"ಅವ್ವಗ ಹೇಳಬೇಕಿತ್ತು ಚಿಗವ್ವಾ. ಆಕಿ ಕ್ಷಮಾ ಮಾಡತಿದ್ಲು. ಆಕಿ ಪರವಾಗಿ ನಾ ಹೆಂಗ ಮಾಡಲಿ?"

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಚಹಾ ಮಾಡಿ ತಂದಳು. ಇಬ್ಬರೂ ಕುಡಿದೆವು.